ನೆಲದಡಿಯ ನೆನಪು

2018ರ ಸೆಪ್ಟೆಂಬರ್ 13, ಗುರುವಾರ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲಾರೆನ್ಸ್ ಪಟ್ಟಣದಲ್ಲಿ ಸಂಜೆ ನಾಲ್ಕು ಹೊಡೆದು ಕೆಲವೇ ನಿಮಿಷಗಳಾಗಿದ್ದವು. ಇದ್ದಕ್ಕಿದ್ದಂತೆ ಮನೆಮನೆಗಳಲ್ಲಿ ಒಲೆಯ ಉರಿ ಮೇಲಕ್ಕೆ ಚಿಮ್ಮತೊಡಗಿತು. ನೆಲಮಾಳಿಗೆಯಲ್ಲಿ ನೀರು ಕಾಯಿಸುವ ಬಾಯ್ಲರುಗಳಿಂದ ಬೆಂಕಿ ಹೊರಬಂತು. ಒಂದು ಬೀದಿಯ ಬೆಂಕಿ ಆರಿಸಲು ಹೊರಟ ಅಗ್ನಿಶಾಮಕ ದಳಕ್ಕೆ ಇನ್ನೊಂದು ಬೀದಿಯಿಂದ ಕರೆ, ಅದರ ಬೆನ್ನಿಗೇ ಮತ್ತೊಂದು. ಪಕ್ಕದ ಆಂಡೋವರ್, ನಾರ್ತ್ ಆಂಡೋವರ್ ಊರುಗಳಲ್ಲೂ ಅದೇ ಕಥೆ. ಕೊನೆಗೆ ಲೆಕ್ಕ ಹಾಕಿದಾಗ 131 ಕಟ್ಟಡಗಳಿಗೆ ಹಾನಿಯಾಗಿತ್ತು. ಹದಿನೆಂಟರ ತರುಣನೊಬ್ಬ ಸತ್ತಿದ್ದ. ಇಪ್ಪತ್ತಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದ್ದರು. ಅಂದು ಸಂಜೆ ಸುಮಾರು 50 ಸಾವಿರ ಜನರಿಗೆ ಮನೆ ಬಿಟ್ಟು ಹೊರಡುವಂತೆ ಸೂಚನೆ ಹೋಗಿತ್ತು.

ಇಷ್ಟಕ್ಕೂ ಆ ದಿನ ಅಲ್ಲಿ ಆದದ್ದೇನು? ಭೂಕಂಪವೆ? ಅಲ್ಲ. ಯಾರದಾದರೂ ಕಿಡಿಗೇಡಿತನವೆ? ಅದೂ ಅಲ್ಲ. ಅಲ್ಲಿ ನಡೆಯುತ್ತಿದ್ದುದು ಒಂದು ಒಳ್ಳೆಯ ಕೆಲಸ. ರಸ್ತೆಯಡಿಯಲ್ಲಿ ಮುಪ್ಪಾಗಿದ್ದ ಕಬ್ಬಿಣದ ಅನಿಲ ಕೊಳವೆಯನ್ನು ಬಿಟ್ಟು, ಹೊಸ ಪ್ಲಾಸ್ಟಿಕ್ ಕೊಳವೆಗೆ ಸಂಪರ್ಕ ಬದಲಿಸುತ್ತಿದ್ದರು. ಸೋರಿಕೆ ನಿಲ್ಲಲಿ, ಸ್ಫೋಟದ ಭಯ ಹೋಗಲಿ, ಜನ ನೆಮ್ಮದಿಯಿಂದ ಮಲಗಲಿ ಎಂಬುದೇ ಆ ಕೆಲಸದ ಉದ್ದೇಶ.

ಸುರಕ್ಷತೆಗಾಗಿ ಕೈಗೊಂಡ ಕೆಲಸವೇ ಊರಿಗೆ ಬೆಂಕಿ ಹಚ್ಚಿದ್ದು ಹೇಗೆ? ಉತ್ತರ ಒಂದು ಸಣ್ಣ ನಳಿಕೆಯಲ್ಲಿದೆ. ಆ ನಳಿಕೆ ಕೆಟ್ಟಿರಲಿಲ್ಲ, ಒಡೆದಿರಲಿಲ್ಲ. ಅದು ಅಲ್ಲಿದೆ ಎಂಬುದನ್ನು ಮರೆತಿದ್ದರು, ಅಷ್ಟೆ.

ಮುತ್ತಜ್ಜನ ಕಾಲದ ಕೊಳವೆ

ಮೊದಲಿಗೆ, ಹಳೆಯ ಕೊಳವೆಗಳನ್ನು ಬದಲಿಸಲೇಬೇಕಾದದ್ದು ಏಕೆ ಎಂಬುದನ್ನು ನೋಡೋಣ.

ಕೊಳವೆಯ ಮೂಲಕ ಮನೆಗೆ ಅನಿಲ ಹರಿಸುವುದು ಇಂದು ನೆನ್ನೆಯ ವಿದ್ಯೆಯಲ್ಲ. 1792ರಲ್ಲಿ ವಿಲಿಯಂ ಮರ್ಡಾಕ್ ಎಂಬ ಎಂಜಿನಿಯರು ಕಲ್ಲಿದ್ದಲನ್ನು ಕಾಯಿಸಿ ಅದರಿಂದ ಬಂದ ಅನಿಲದಲ್ಲಿ ಇಂಗ್ಲೆಂಡಿನ ತನ್ನ ಮನೆಯ ದೀಪ ಬೆಳಗಿಸಿದ. 1812ರಲ್ಲಿ ಲಂಡನ್ನಿನಲ್ಲಿ ಅನಿಲ ಹಂಚುವ ಕಂಪನಿಯೇ ಹುಟ್ಟಿತು. 1816ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರ ಅದೇ ದಾರಿ ಹಿಡಿಯಿತು. ಕೋಲ್ಕತ್ತದ ಬೀದಿಗಳಲ್ಲಿ 1857ರಲ್ಲಿ ಅನಿಲ ದೀಪಗಳು ಹೊತ್ತಿಕೊಂಡವು. ವಿದ್ಯುತ್ ದೀಪ ಬಂದ ಮೇಲೆ ಅನಿಲ ಅಡುಗೆಮನೆಗೂ ಚಳಿ ಕಾಯಿಸುವ ಒಲೆಗೂ ಹೋಯಿತು. ದೀಪಗಳು ಹೋದವು, ಕೊಳವೆಗಳು ನೆಲದಡಿಯಲ್ಲೇ ಉಳಿದವು.

ಆ ಕಾಲದ ಕೊಳವೆಗಳು ಬೀಡುಕಬ್ಬಿಣದವು, ಅಂದರೆ ಕರಗಿಸಿ ಎರಕ ಹೊಯ್ದ ಕಬ್ಬಿಣದವು. ಬೀಡುಕಬ್ಬಿಣ ಗಟ್ಟಿ, ಆದರೆ ಬಾಗುವ ಗುಣ ಅದಕ್ಕಿಲ್ಲ. ಉಕ್ಕಿನ ಸರಳು ಹೊಡೆತ ಬಿದ್ದರೆ ಬಗ್ಗುತ್ತದೆ, ಬೀಡು ಸೀಳುತ್ತದೆ. ಅದರೊಳಗೆ ಇಂಗಾಲ ಗ್ರಾಫೈಟಿನ ತೆಳು ಹಾಳೆಗಳ ರೂಪದಲ್ಲಿ ಹರಡಿಕೊಂಡಿರುತ್ತದೆ. ಪೆನ್ಸಿಲ್ ಕಡ್ಡಿಯಲ್ಲಿರುವುದೂ ಇದೇ ಗ್ರಾಫೈಟ್. ತೇವದ ಮಣ್ಣಿನಲ್ಲಿ ದಶಕಗಟ್ಟಲೆ ಹೂತಿದ್ದಾಗ ಕಬ್ಬಿಣದ ಅಂಶ ಮೆಲ್ಲಗೆ ಕರಗಿ ಹೋಗುತ್ತದೆ, ಗ್ರಾಫೈಟ್ ಮಾತ್ರ ಉಳಿಯುತ್ತದೆ. ಹೊರಗಿನಿಂದ ನೋಡಿದರೆ ಕೊಳವೆಯ ಆಕಾರ, ಗಾತ್ರ, ಬಣ್ಣ ಎಲ್ಲವೂ ಇದ್ದಂತೆಯೇ. ಆದರೆ ಚಾಕುವಿನಿಂದ ಕೆರೆದರೆ ಪುಡಿ ಉದುರುತ್ತದೆ. ಗೆದ್ದಲು ತಿಂದ ಬಾಗಿಲು ಬಣ್ಣದ ಮರೆಯಲ್ಲಿ ನಿಂತಿರುವಂತೆ!

ಕೀಲುಗಳ ಕಥೆ ಇನ್ನೂ ಸ್ವಾರಸ್ಯದ್ದು. ಒಂದು ಕೊಳವೆಯ ಅಗಲ ಬಾಯಿಗೆ ಇನ್ನೊಂದರ ತುದಿಯನ್ನು ತೂರಿಸಿ, ನಡುವಿನ ಸಂದಿಗೆ ಸೆಣಬಿನ ನಾರು ತುರುಕಿ, ಮೇಲೆ ಸೀಸ ಕರಗಿಸಿ ಸುರಿಯುತ್ತಿದ್ದರು. ಕಲ್ಲಿದ್ದಲಿನ ಅನಿಲದಲ್ಲಿ ತೇವ ಇರುತ್ತಿತ್ತು. ಆ ತೇವ ಹೀರಿ ನಾರು ಉಬ್ಬಿ ಸಂದಿಯನ್ನು ಬಿಗಿಯಾಗಿ ಮುಚ್ಚುತ್ತಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಕಲ್ಲಿದ್ದಲಿನ ಅನಿಲ ಹೋಗಿ ಬಾವಿಗಳಿಂದ ತೆಗೆದ ನೈಸರ್ಗಿಕ ಅನಿಲ ಬಂತು. ಇದು ಒಣ ಅನಿಲ. ನಾರು ಒಣಗಿತು, ಕುಗ್ಗಿತು, ಕೀಲುಗಳು ಸೋರತೊಡಗಿದವು. ಕೊಳವೆ ಹಾಕಿದವರ ತಪ್ಪೇನೂ ಇದರಲ್ಲಿ ಇರಲಿಲ್ಲ. ಅವರು ಒಂದು ಅನಿಲಕ್ಕಾಗಿ ಹಾಕಿದ ಕೊಳವೆಯಲ್ಲಿ ಮೊಮ್ಮಕ್ಕಳು ಇನ್ನೊಂದನ್ನು ಹರಿಸಿದರು.

ಇದರ ಜೊತೆಗೆ ಚಳಿ ದೇಶಗಳಲ್ಲಿ ಮಂಜಿನ ಕಾಟ. ಮಣ್ಣಿನಲ್ಲಿನ ನೀರು ಹೆಪ್ಪುಗಟ್ಟಿದಾಗ ಹಿಗ್ಗಿ ನೆಲವನ್ನೇ ಎತ್ತುತ್ತದೆ. ನೆಲ ಎದ್ದರೆ ಕೊಳವೆಯೂ ಎದ್ದು ಬಾಗಬೇಕು. ಬೀಡು ಬಾಗುವುದಿಲ್ಲ, ಬಿರುಕು ಬಿಡುತ್ತದೆ. 2011ರ ಫೆಬ್ರುವರಿ 9ರಂದು ಪೆನ್ಸಿಲ್ವೇನಿಯಾದ ಆಲೆನ್‌ಟೌನ್ ಎಂಬಲ್ಲಿ 1928ರಲ್ಲಿ ಹಾಕಿದ್ದ ಹನ್ನೆರಡು ಅಂಗುಲದ ಬೀಡು ಕೊಳವೆ ಬಿರುಕು ಬಿಟ್ಟು ಸ್ಫೋಟವಾಗಿ ಐವರು ಸತ್ತರು. ಹೆಪ್ಪುಗಟ್ಟಿದ ನೆಲವನ್ನೂ ಕಾಂಕ್ರೀಟನ್ನೂ ಒಡೆದು ಅನಿಲ ನಿಲ್ಲಿಸಲು ಸುಮಾರು ಐದು ಗಂಟೆ ಹಿಡಿಯಿತು.

ಮೂಗಿಗೆ ಬಂದ ವರ

ನೈಸರ್ಗಿಕ ಅನಿಲದ ಬಹುಪಾಲು ಮೀಥೇನ್. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಹಾಗಾದರೆ ಸೋರಿದಾಗ ಮೂಗಿಗೆ ಬಡಿಯುವ ಆ ಕೊಳೆತ ವಾಸನೆ ಎಲ್ಲಿಯದು? ಅದು ಬೇಕೆಂದೇ ಬೆರೆಸಿದ್ದು. 1937ರ ಮಾರ್ಚ್ 18ರಂದು ಟೆಕ್ಸಾಸ್ ರಾಜ್ಯದ ನ್ಯೂ ಲಂಡನ್ ಎಂಬ ಊರಿನ ಶಾಲೆಯಡಿಯಲ್ಲಿ ಯಾರಿಗೂ ತಿಳಿಯದಂತೆ ಅನಿಲ ಸೋರಿ ತುಂಬಿಕೊಂಡಿತ್ತು. ಒಂದು ಕಿಡಿ ಸಾಕಾಯಿತು. ಮಕ್ಕಳು, ಶಿಕ್ಷಕರು ಸೇರಿ ಸುಮಾರು ಮುನ್ನೂರು ಜನ ಸತ್ತರು. ಆ ಬಳಿಕವೇ ಅನಿಲಕ್ಕೆ ಮರ್‌ಕ್ಯಾಪ್ಟಾನ್ ಎಂಬ ದುರ್ವಾಸನೆಯ ರಾಸಾಯನಿಕ ಬೆರೆಸಬೇಕೆಂಬ ಕಾನೂನು ಬಂತು. ಅಡುಗೆಮನೆಯಲ್ಲಿ ಅಮ್ಮ ಮೂಗೆತ್ತಿ "ಗ್ಯಾಸ್ ವಾಸನೆ ಬರ್ತಿದೆ, ನೋಡು" ಎನ್ನುತ್ತಾರಲ್ಲ, ಆ ಎಚ್ಚರಿಕೆಯ ಹಿಂದೆ ಆ ಮಕ್ಕಳ ಬಲಿದಾನವಿದೆ.

ಆದರೆ ರಸ್ತೆಯಡಿಯ ಸೋರಿಕೆ ಎಲ್ಲ ಸಲವೂ ಮೂಗಿಗೆ ಸಿಗುವುದಿಲ್ಲ. ಬಾಸ್ಟನ್ ನಗರದಲ್ಲಿ ಸಂಶೋಧಕರು ಕಾರಿನಲ್ಲಿ ಮೀಥೇನ್ ಅಳೆಯುವ ಉಪಕರಣವಿಟ್ಟುಕೊಂಡು 785 ಮೈಲಿ ರಸ್ತೆ ಸುತ್ತಿದರು. 2013ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ ಸಿಕ್ಕ ಸೋರಿಕೆಗಳು 3,356. ಮೈಲಿಗೆ ನಾಲ್ಕಕ್ಕಿಂತ ಹೆಚ್ಚು! ಬೀಡುಕಬ್ಬಿಣದ ಕೊಳವೆ ಹೆಚ್ಚಿದ್ದ ಕಡೆಗಳಲ್ಲೇ ಸೋರಿಕೆಯೂ ಹೆಚ್ಚು. ಇವೆಲ್ಲ ನಾಳೆಯೇ ಸ್ಫೋಟಿಸುವಂಥವಲ್ಲ. ಬಹುಪಾಲು ಸಣ್ಣವು. ಆದರೆ ಮೀಥೇನ್ ಭೂಮಿಯನ್ನು ಬಿಸಿ ಮಾಡುವ ಅನಿಲ. ಇಪ್ಪತ್ತು ವರ್ಷಗಳ ಅವಧಿಯಲ್ಲಿ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತದೆ.

ಆದ್ದರಿಂದ ಬದಲಿಸುವ ಕೆಲಸಕ್ಕೆ ಸರ್ಕಾರಗಳು ಗಡುವು ಹಾಕಿದವು. ಬ್ರಿಟನ್ 2002ರಲ್ಲಿ ಶುರುಮಾಡಿ, ಕಟ್ಟಡಗಳಿಂದ 30 ಮೀಟರ್ ಒಳಗಿರುವ ಕಬ್ಬಿಣದ ಕೊಳವೆಗಳನ್ನು ಮೂವತ್ತು ವರ್ಷಗಳಲ್ಲಿ ತೆಗೆಯುವ ಯೋಜನೆ ಹಾಕಿಕೊಂಡಿತು. ಮ್ಯಾಸಚೂಸೆಟ್ಸ್ 2014ರ ಕಾನೂನಿನಲ್ಲಿ ಸುಮಾರು ಇಪ್ಪತ್ತು ವರ್ಷ ಕೊಟ್ಟಿತು. ಲಾರೆನ್ಸಿನಲ್ಲಿ ನಡೆಯುತ್ತಿದ್ದುದೂ ಇಂಥದೇ ಕೆಲಸ.

ಹೊಸ ಕೊಳವೆ, ಹೊಸ ರೀತಿ

ಈಗ ಹಾಕುವುದು ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ ಕೊಳವೆ. ಅದು ತುಕ್ಕು ಹಿಡಿಯುವುದಿಲ್ಲ. ನೆಲ ಅಲುಗಿದರೆ ತಾನೂ ಕೊಂಚ ಬಾಗುತ್ತದೆ. ಎರಡು ತುದಿಗಳನ್ನು ಕಾದ ಫಲಕಕ್ಕೆ ಒತ್ತಿ ಕರಗಿಸಿ, ಒಂದಕ್ಕೊಂದು ಒತ್ತಿ ಹಿಡಿದರೆ ಬೆಸೆದುಕೊಂಡು ಒಂದೇ ಕೊಳವೆಯಾಗುತ್ತದೆ. ಸೆಣಬೂ ಬೇಡ, ಸೀಸವೂ ಬೇಡ. ಕೆಲವೆಡೆ ಹಳೆಯ ಕಬ್ಬಿಣದ ಕೊಳವೆಯೊಳಗೇ ಸಪೂರ ಪ್ಲಾಸ್ಟಿಕ್ ಕೊಳವೆಯನ್ನು ತೂರಿಸುತ್ತಾರೆ. ಆಗ ಇಡೀ ರಸ್ತೆ ಅಗೆಯುವ ಗೋಜಿಲ್ಲ. ತುದಿಗಳಲ್ಲಿ ಮತ್ತು ಮನೆಗಳಿಗೆ ಕವಲೊಡೆಯುವ ಕಡೆ ಮಾತ್ರ ಗುಂಡಿ ತೋಡಿದರೆ ಸಾಕು.

ಪ್ಲಾಸ್ಟಿಕ್ಕಿಗೂ ಒಂದು ದೌರ್ಬಲ್ಯವಿದೆ. ಅಗೆಯುವ ಯಂತ್ರದ ಹಲ್ಲು ತಾಗಿದರೆ ಸುಲಭವಾಗಿ ಸೀಳುತ್ತದೆ. ಮೇಲಾಗಿ ಲೋಹ ಹುಡುಕುವ ಉಪಕರಣಕ್ಕೆ ಅದು ಕಾಣಿಸುವುದಿಲ್ಲ. ಅದಕ್ಕೇ ಕೊಳವೆಯ ಜೊತೆಯಲ್ಲಿ ಒಂದು ಲೋಹದ ತಂತಿಯನ್ನೂ ಹೂಳುವ ರೂಢಿಯಿದೆ. ಮೇಲಿನ ಮಣ್ಣಿನಲ್ಲಿ ಎಚ್ಚರಿಕೆಯ ಪಟ್ಟಿ ಹಾಸುತ್ತಾರೆ. ಮುಂದೆ ಅಗೆಯುವವನಿಗೆ ಮೊದಲು ಪಟ್ಟಿ ಸಿಗಲಿ, ಆಮೇಲೆ ಕೊಳವೆ ಸಿಗಲಿ ಎಂದು.

ಅನಿಲ ನಿಲ್ಲಿಸಿ ಇಡೀ ಊರಿನ ಕೊಳವೆ ಬದಲಿಸಲು ಆಗುವುದಿಲ್ಲ. ಆದ್ದರಿಂದ ಹೊಸ ಕೊಳವೆಯನ್ನು ಹಳೆಯದರ ಪಕ್ಕದಲ್ಲಿ ಹಾಕಿ, ಒಂದೊಂದೇ ಮನೆಯ ಸಂಪರ್ಕವನ್ನು ಅದಕ್ಕೆ ಬದಲಿಸಿ, ಕಟ್ಟಕಡೆಗೆ ಹಳೆಯದನ್ನು ಕಡಿದು ಬಿಡುತ್ತಾರೆ. ಅಂದರೆ ಕೆಲವು ಕಾಲ ಎರಡೂ ಕೊಳವೆಗಳು ಜೀವಂತ. ಕೆಲಸದ ಅತ್ಯಂತ ನಾಜೂಕಿನ ಗಳಿಗೆ ಹಳೆಯದನ್ನು ಕಡಿಯುವ ಗಳಿಗೆ.

ಒತ್ತಡ ಕಾಯುವ ಕಾವಲುಗಾರ

ಇಲ್ಲಿ ಒಂದು ಸಣ್ಣ ಪ್ರಯೋಗ. ಸುಮಾರು ಒಂದೂವರೆ ಮೀಟರ್ ಉದ್ದದ ಪಾರದರ್ಶಕ ಪ್ಲಾಸ್ಟಿಕ್ ನಳಿಕೆಯನ್ನು 'ಯು' ಆಕಾರದಲ್ಲಿ ಗೋಡೆಗೋ ಹಲಗೆಗೋ ಕಟ್ಟಿ, ಅರ್ಧದವರೆಗೆ ಬಣ್ಣದ ನೀರು ತುಂಬಿ. ಎರಡೂ ಕಡೆ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಒಂದು ತುದಿಗೆ ಬಾಯಿಟ್ಟು ಮೆಲ್ಲಗೆ ಊದಿ. ಒಂದು ಕಡೆ ನೀರು ಇಳಿದು ಇನ್ನೊಂದು ಕಡೆ ಏರುತ್ತದೆ. ಎರಡು ಮಟ್ಟಗಳ ನಡುವೆ ಅಂತರ 30 ಸೆಂಟಿಮೀಟರ್ ಬಂತೆನ್ನಿ. ಮನೆಯ ಗ್ಯಾಸ್ ಒಲೆಗೆ ಸಿಲಿಂಡರಿನಿಂದ ಬರುವ ಒತ್ತಡ ಹೆಚ್ಚುಕಡಿಮೆ ಅಷ್ಟೆ. ಸಿಲಿಂಡರಿನೊಳಗೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಒತ್ತಡವಿರುತ್ತದೆ. ಅದನ್ನು ಇಳಿಸಿ ಒಲೆಗೆ ಕೊಡುವುದು ಮೇಲೆ ಕೂರಿಸುವ ರೆಗ್ಯುಲೇಟರ್.

ಲಾರೆನ್ಸಿನ ಹಳೆಯ ಭಾಗದ ಕೊಳವೆಗಳಲ್ಲೂ ಒತ್ತಡ ಅಷ್ಟೇ ಇತ್ತು. ಚದರ ಅಂಗುಲಕ್ಕೆ ಅರ್ಧ ಪೌಂಡ್, ಅಂದರೆ ಸುಮಾರು 35 ಸೆಂ.ಮೀ. ನೀರಿನ ಎತ್ತರ. ಅಷ್ಟು ಕಡಿಮೆ ಒತ್ತಡವಾದ್ದರಿಂದ ಅಲ್ಲಿ ಮನೆಮನೆಗೆ ಬೇರೆ ರೆಗ್ಯುಲೇಟರ್ ಇರಲಿಲ್ಲ. ಬೀದಿಯ ಕೊಳವೆಯಲ್ಲಿ ಎಷ್ಟು ಒತ್ತಡವೋ ಒಲೆಗೂ ಅಷ್ಟೆ. ಊರಿನ ದೊಡ್ಡ ಕೊಳವೆಗಳಿಂದ ಬರುವ ಹೆಚ್ಚಿನ ಒತ್ತಡದ ಅನಿಲವನ್ನು ಈ ಮಟ್ಟಕ್ಕೆ ಇಳಿಸಿ ಬೀದಿಗಳಿಗೆ ಬಿಡಲು 14 ರೆಗ್ಯುಲೇಟರ್ ಕೇಂದ್ರಗಳಿದ್ದವು.

ಬೀದಿಯ ಕೊಳವೆಯಲ್ಲಿ ಒತ್ತಡ ಎಷ್ಟಿದೆ ಎಂಬುದು ರೆಗ್ಯುಲೇಟರಿಗೆ ತಿಳಿಯುವುದು ಹೇಗೆ? ಅದಕ್ಕೇ ಒಂದು ಸಣ್ಣ ನಳಿಕೆ. ಅದರ ಒಂದು ತುದಿ ರೆಗ್ಯುಲೇಟರಿನಲ್ಲಿ, ಇನ್ನೊಂದು ತುದಿ ಸ್ವಲ್ಪ ದೂರದಲ್ಲಿ ಬೀದಿಯ ಕೊಳವೆಗೆ ಜೋಡಿಸಿರುತ್ತದೆ. ಅಲ್ಲಿ ಒತ್ತಡ ಕಡಿಮೆಯಾದರೆ ರೆಗ್ಯುಲೇಟರ್ ಇನ್ನಷ್ಟು ಬಾಯಿ ತೆರೆಯುತ್ತದೆ, ಹೆಚ್ಚಾದರೆ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ಆ ನಳಿಕೆ ಹೇಳಿದ್ದೇ ವೇದವಾಕ್ಯ. ಒಂದು ರೆಗ್ಯುಲೇಟರ್ ಕೈಕೊಟ್ಟರೆ ಇರಲಿ ಎಂದು ಅದರ ಜೊತೆಗೆ ಇನ್ನೊಂದನ್ನೂ ಕಾವಲಿಗೆ ಇಟ್ಟಿರುತ್ತಾರೆ.

ಆ ಸಂಜೆ ಆದದ್ದು

ಲಾರೆನ್ಸಿನ ಒಂದು ಕೇಂದ್ರದಲ್ಲಿ ಎರಡೂ ರೆಗ್ಯುಲೇಟರುಗಳ ನಳಿಕೆಗಳು ಹಳೆಯ ಬೀಡು ಕೊಳವೆಗೇ ಜೋಡಣೆಯಾಗಿದ್ದವು. ಹೊಸ ಪ್ಲಾಸ್ಟಿಕ್ ಕೊಳವೆ ಬಂತು, ಅನಿಲ ಅದರಲ್ಲಿ ಹರಿಯತೊಡಗಿತು. ನಳಿಕೆಗಳನ್ನು ಹೊಸ ಕೊಳವೆಗೆ ವರ್ಗಾಯಿಸಿದ ಮೇಲೆಯೇ ಹಳೆಯದನ್ನು ಕಡಿಯಬೇಕಿತ್ತು. ಕೆಲಸದ ಕಾಗದದಲ್ಲಿ ಆ ಹೆಜ್ಜೆಯೇ ಇರಲಿಲ್ಲ. ಕಾಗದದಲ್ಲಿ ಬರೆದಿದ್ದಂತೆ ಕೆಲಸಗಾರರು ಹಳೆಯ ಕೊಳವೆಯನ್ನು ಬೇರ್ಪಡಿಸಿದರು.

ಮನೆಯ ಲೆಕ್ಕದಲ್ಲಿ ಹೇಳುವುದಾದರೆ ಹೀಗೆ: ಮಹಡಿಯ ಮೇಲೆ ಎರಡು ನೀರಿನ ಟ್ಯಾಂಕುಗಳಿವೆ. ಹಳೆಯದಕ್ಕೆ ಈಗ ನೀರು ಹೋಗುವುದಿಲ್ಲ. ನೀರೆಲ್ಲ ಹೊಸದಕ್ಕೆ. ಟ್ಯಾಂಕ್ ತುಂಬಿತೇ ನೋಡಿ ಹೇಳು ಎಂದು ಮಗನನ್ನು ಮೇಲೆ ಕಳಿಸಿದ್ದೀರಿ, ಆದರೆ ಟ್ಯಾಂಕ್ ಬದಲಾಗಿದೆ ಎಂದು ಅವನಿಗೆ ಹೇಳಿಲ್ಲ. ಅವನು ಹಳೆಯ ಟ್ಯಾಂಕಿನಲ್ಲೇ ಇಣುಕಿ "ಇಲ್ಲಪ್ಪ, ಖಾಲಿ, ಇನ್ನೂ ಬಿಡಿ" ಎನ್ನುತ್ತಾನೆ. ನೀವು ನಲ್ಲಿಯನ್ನು ಪೂರ್ತಿ ತಿರುಗಿಸುತ್ತೀರಿ. ಹೊಸ ಟ್ಯಾಂಕ್ ತುಂಬಿ ಹರಿಯುತ್ತಿರುತ್ತದೆ. ಇದರಲ್ಲಿ ಹುಡುಗನ ತಪ್ಪೇನು?

ಲಾರೆನ್ಸಿನಲ್ಲಿ ಆದದ್ದು ಇದೇ. ಬೇರ್ಪಟ್ಟ ಹಳೆಯ ಕೊಳವೆಯಲ್ಲಿ ಒತ್ತಡ ಇಳಿಯುತ್ತ ಹೋಯಿತು. ರೆಗ್ಯುಲೇಟರ್ "ಬೀದಿಗೆ ಅನಿಲ ಸಾಲದು" ಎಂದುಕೊಂಡು ಬಾಯಿ ತೆರೆಯಿತು. ಒತ್ತಡ ಏರಲಿಲ್ಲ, ಇನ್ನಷ್ಟು ತೆರೆಯಿತು. ಕಾವಲಿಗಿದ್ದ ಎರಡನೆಯದೂ ಅದೇ ಹಳೆಯ ಕೊಳವೆಯನ್ನು ನೋಡುತ್ತಿದ್ದುದರಿಂದ ಅದೂ ಮೋಸಹೋಯಿತು. ಬೀದಿಗಳಿಗೆ ಹೋಗುತ್ತಿದ್ದ ಅನಿಲದ ಒತ್ತಡ ಅರ್ಧ ಪೌಂಡಿನಿಂದ ಕನಿಷ್ಠ ಆರು ಪೌಂಡಿಗೆ, ಅಂದರೆ ಹನ್ನೆರಡು ಪಟ್ಟಿಗೆ ಏರಿತು. 'ಯು' ನಳಿಕೆಯ ಪ್ರಯೋಗದಲ್ಲಿ ಇದನ್ನು ಅಳೆಯಬೇಕಾದರೆ ನಾಲ್ಕು ಮೀಟರಿಗಿಂತ ಎತ್ತರದ ನೀರಿನ ಕಂಬ ಬೇಕು. ಒಂದು ಮಹಡಿಯನ್ನು ದಾಟುವಷ್ಟು!

ಕಂಪನಿಯ ನಿಗಾ ಕೇಂದ್ರ ಇದ್ದದ್ದು ದೂರದ ಓಹಾಯೋ ರಾಜ್ಯದಲ್ಲಿ. ಸಂಜೆ 4 ಗಂಟೆ 4 ನಿಮಿಷಕ್ಕೆ ಅಲ್ಲಿ ಮೊದಲ ಎಚ್ಚರಿಕೆ ಗಂಟೆ ಬಾರಿಸಿತು, ಮರುನಿಮಿಷ ಇನ್ನೊಂದು. ಆದರೆ ಅಲ್ಲಿ ಕುಳಿತವರಿಗೆ ನೋಡುವ ಅನುಕೂಲ ಇತ್ತೇ ಹೊರತು ಕವಾಟ ಮುಚ್ಚುವ ಅನುಕೂಲ ಇರಲಿಲ್ಲ. 4.06ಕ್ಕೆ ಅವರು ಲಾರೆನ್ಸಿನ ಸಿಬ್ಬಂದಿಗೆ ತಿಳಿಸಿದರು. 4.11ಕ್ಕೆ ಊರಿನವರಿಂದ ತುರ್ತು ಸೇವೆಗೆ ಮೊದಲ ಕರೆ ಹೋಯಿತು. ಆ ರೆಗ್ಯುಲೇಟರನ್ನು ಮುಚ್ಚುವ ಹೊತ್ತಿಗೆ 4.30 ಆಗಿತ್ತು. ಇಪ್ಪತ್ತಾರು ನಿಮಿಷ.

ತಪ್ಪು ಎಲ್ಲಿತ್ತು?

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿ ತನಿಖೆ ನಡೆಸಿ 2019ರಲ್ಲಿ ವರದಿ ಕೊಟ್ಟಿತು. ಗುಂಡಿಯಲ್ಲಿ ಇಳಿದಿದ್ದ ಕೆಲಸಗಾರರ ಕಡೆಗೆ ಅದು ಬೆರಳು ತೋರಲಿಲ್ಲ. ರೆಗ್ಯುಲೇಟರೂ ಕೆಟ್ಟಿರಲಿಲ್ಲ. ಅನಿಲ ಕಂಪನಿಯ ಎಂಜಿನಿಯರಿಂಗ್ ವ್ಯವಸ್ಥೆ ದುರ್ಬಲವಾಗಿತ್ತು, ಕೆಲಸವನ್ನು ಸರಿಯಾಗಿ ಯೋಜಿಸಲಿಲ್ಲ, ಪರಿಶೀಲಿಸಲಿಲ್ಲ, ನಳಿಕೆಗಳನ್ನು ಮೊದಲು ವರ್ಗಾಯಿಸದೆಯೇ ಹಳೆಯ ಕೊಳವೆಯನ್ನು ಬಿಟ್ಟುಕೊಟ್ಟದ್ದೇ ದುರಂತಕ್ಕೆ ಕಾರಣ ಎಂದಿತು. ದಾಖಲೆಗಳನ್ನು ಇಡುವ ಕ್ರಮವೇ ಸಾಲದಾಗಿತ್ತು ಎಂದೂ ಹೇಳಿತು. ರೆಗ್ಯುಲೇಟರುಗಳನ್ನು ನೋಡಿಕೊಳ್ಳುವ ವಿಭಾಗದವರು ನಕ್ಷೆಯ ಪರಿಶೀಲನೆಯಲ್ಲಿ ಇರಲೇ ಇಲ್ಲ. ಆ ನಳಿಕೆಗಳ ಸಂಗತಿ ಬಲ್ಲವರು ಒಂದು ಕೋಣೆಯಲ್ಲಿ, ನಕ್ಷೆ ಬರೆದವರು ಇನ್ನೊಂದು ಕೋಣೆಯಲ್ಲಿ.

ಇನ್ನೂ ಒಂದು ಸಂಗತಿ ಬೆಳಕಿಗೆ ಬಂತು. ಇಂಥ ಅನಿಲ ಕಾಮಗಾರಿಯ ನಕ್ಷೆಗೆ ಪರವಾನಗಿ ಪಡೆದ ಎಂಜಿನಿಯರರ ಮೊಹರು ಬೇಕೆಂಬ ನಿಯಮದಿಂದ ಆ ರಾಜ್ಯದಲ್ಲಿ ವಿನಾಯಿತಿ ಇತ್ತು. 2018ರ ವರ್ಷಾಂತ್ಯದೊಳಗೆ ರಾಜ್ಯ ಆ ವಿನಾಯಿತಿಯನ್ನು ತೆಗೆದು ಹಾಕಿತು. ಮೊಹರು ಎಂದರೆ ಶಾಯಿಯ ಗುರುತಲ್ಲ. "ಇದನ್ನು ನೋಡಿದ್ದೇನೆ, ಇದಕ್ಕೆ ಹೊಣೆ ನನ್ನದು" ಎಂದು ಒಬ್ಬ ಮನುಷ್ಯ ಕೊಡುವ ಮಾತು.

ದಾಖಲೆ ತಪ್ಪಿ ಜೀವ ಹೋದದ್ದು ಇದೊಂದೇ ಸಲವಲ್ಲ. 2010ರ ಸೆಪ್ಟೆಂಬರ್ 9ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೋದಲ್ಲಿ ಬಡಾವಣೆಯೊಂದರ ಅಡಿಯಲ್ಲಿ ಹಾದಿದ್ದ ಮೂವತ್ತು ಅಂಗುಲದ ಉಕ್ಕಿನ ಕೊಳವೆ ಸಿಡಿಯಿತು. ಎಂಟು ಜನ ಸತ್ತರು, 38 ಮನೆಗಳು ನಾಶವಾದವು. ಅನಿಲ ನಿಲ್ಲಿಸಲು 95 ನಿಮಿಷ ಬೇಕಾಯಿತು. 1956ರಲ್ಲಿ ಹಾಕಿದ್ದ ಆ ಕೊಳವೆಗೆ ಬೆಸುಗೆಯ ಹೊಲಿಗೆಯೇ ಇಲ್ಲ ಎಂದು ಕಂಪನಿಯ ದಾಖಲೆ ಹೇಳುತ್ತಿತ್ತು. ಒಡೆದ ತುಂಡನ್ನು ನೋಡಿದರೆ ಉದ್ದಕ್ಕೂ ಬೆಸುಗೆ ಇತ್ತು, ಅದೂ ಅರೆಬರೆ ಬೆಸುಗೆ. ಅರ್ಧ ಶತಮಾನ ಕಾಲ ಕಾಗದ ಒಂದು ಹೇಳುತ್ತಿತ್ತು, ನೆಲದಡಿ ಇನ್ನೊಂದಿತ್ತು. ಮುಂದಿನ ವರ್ಷ ಕಂಪನಿಯವರು ಹಳೆಯ ಕಡತಗಳ ಪೆಟ್ಟಿಗೆಗಳನ್ನು ಒಂದು ದೊಡ್ಡ ಕ್ರೀಡಾಂಗಣಕ್ಕೆ ಸಾಗಿಸಿ ಹುಡುಕಲು ಕುಳಿತರು.

ಲಾರೆನ್ಸಿನ ಜನರ ಪಾಡು ಅಂದಿಗೇ ಮುಗಿಯಲಿಲ್ಲ. ಹತ್ತು ಸಾವಿರಕ್ಕೂ ಹೆಚ್ಚು ಗ್ರಾಹಕರಿಗೆ ಅನಿಲ ನಿಂತಿತು. ಚಳಿಗಾಲ ಹತ್ತಿರ ಬರುತ್ತಿತ್ತು. ಬಟ್ಟೆ ಗಿರಣಿಗಳಿಂದ ಬೆಳೆದ, ವಲಸೆ ಬಂದ ದುಡಿಯುವ ಜನರೇ ಹೆಚ್ಚಾಗಿರುವ ಊರು ಅದು. ಎಷ್ಟೋ ಕುಟುಂಬಗಳು ವಾರಗಟ್ಟಲೆ ವಿದ್ಯುತ್ ಒಲೆಯಲ್ಲಿ ಅಡುಗೆ ಮಾಡಿಕೊಂಡವು, ಹೋಟೆಲುಗಳಲ್ಲಿ, ಗಾಡಿಮನೆಗಳಲ್ಲಿ ಉಳಿದವು. ನಿಧಾನವಾಗಿ ವರ್ಷಗಟ್ಟಲೆ ನಡೆಯಬೇಕಿದ್ದ ಕೆಲಸವನ್ನು ಕೆಲವೇ ತಿಂಗಳಲ್ಲಿ ಮುಗಿಸಬೇಕಾಯಿತು. ಸುಮಾರು 70 ಕಿ.ಮೀ. ಹಳೆಯ ಕೊಳವೆಯ ಜಾಗದಲ್ಲಿ ಹೊಸದು ಬಂತು. 2020ರಲ್ಲಿ ಕಂಪನಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು 5.3 ಕೋಟಿ ಡಾಲರ್ ದಂಡ ತೆತ್ತು, ಆ ರಾಜ್ಯದ ತನ್ನ ವ್ಯವಹಾರವನ್ನೇ ಬೇರೆಯವರಿಗೆ ಮಾರಿ ಹೊರನಡೆಯಿತು.

ಇಷ್ಟೆಲ್ಲ ಆಯಿತೆಂದು ಹಳೆಯ ಕೊಳವೆಗಳನ್ನು ಹಾಗೆಯೇ ಬಿಡುವಂತಿಲ್ಲ. ಬಿಟ್ಟರೆ ಆಲೆನ್‌ಟೌನ್, ಮರೆತು ಮುಟ್ಟಿದರೆ ಲಾರೆನ್ಸ್. ಬದಲಿಸಬೇಕು, ಆದರೆ ಮೊದಲು ಅಲ್ಲಿ ಏನೇನಿದೆ ಎಂದು ತಿಳಿದಿರಬೇಕು.

ನಮ್ಮ ಊರಿನ ಮಾತು

ಬೆಂಗಳೂರಿನಲ್ಲಿ ಬೀಡುಕಬ್ಬಿಣದ ಅನಿಲ ಕೊಳವೆಯ ಪಿತ್ರಾರ್ಜಿತ ಇಲ್ಲ. ಇಲ್ಲಿನ ಬೀದಿಗಳಿಗೆ 1905ರಲ್ಲಿ ವಿದ್ಯುತ್ ದೀಪವೇ ಬಂತು. ನೈಸರ್ಗಿಕ ಅನಿಲ ಬಂದದ್ದು ತೀರ ಈಚೆಗೆ. ಮಹಾರಾಷ್ಟ್ರದ ದಾಭೋಲ್‌ನಿಂದ ಸುಮಾರು ಸಾವಿರ ಕಿ.ಮೀ. ಉದ್ದದ ಕೊಳವೆ ಮಾರ್ಗ 2013ರಲ್ಲಿ ಸಿದ್ಧವಾದ ಮೇಲೆ. ಬಳಿಕ ನಗರದ ಬಡಾವಣೆಗಳಲ್ಲಿ, ರಾಜ್ಯದ ಇತರ ಊರುಗಳಲ್ಲಿಯೂ ಮನೆಗಳಿಗೆ ಕೊಳವೆ ಅನಿಲ ಬರತೊಡಗಿತು. ಇವು ಹೊಸ ಪ್ಲಾಸ್ಟಿಕ್ ಕೊಳವೆಗಳು. ಇವುಗಳಿಗೆ ಮುಪ್ಪು ಬರಲು ಇನ್ನೂ ಎಷ್ಟೋ ವರ್ಷ ಬೇಕು.

ಹಾಗೆಂದು ಈ ಕಥೆ ಇಲ್ಲಿಗೆ ಸಂಬಂಧವಿಲ್ಲದ್ದೆ? ಇಲ್ಲಿಯ ಯಾವುದೇ ರಸ್ತೆಯನ್ನು ನೋಡಿ. ಒಂದು ವಾರ ನೀರಿನವರು ಅಗೆಯುತ್ತಾರೆ, ಮುಂದಿನ ವಾರ ವಿದ್ಯುತ್ತಿನವರು, ಅದರಾಚೆ ಕೇಬಲಿನವರು. ಮುಚ್ಚಿದ್ದನ್ನು ಮತ್ತೆ ಅಗೆಯುತ್ತಾರೆ. ಆ ಇಕ್ಕಟ್ಟಿನಲ್ಲೇ ಈಗ ಅನಿಲವೂ ಹರಿಯುತ್ತಿದೆ. ಯಾವ ಕೊಳವೆ ಎಷ್ಟು ಆಳದಲ್ಲಿ, ರಸ್ತೆಯ ಯಾವ ಬದಿಯಲ್ಲಿ, ಯಾವ ಮರದ ಬುಡದಲ್ಲಿ ತಿರುಗಿದೆ ಎಂಬುದು ಎಲ್ಲರಿಗೂ ಗೊತ್ತಿರಬೇಕು. ಅಗೆಯುವ ಮೊದಲು ನೆಲದಡಿಯ ಆಸ್ತಿಯ ಒಡೆಯರಿಗೆ ತಿಳಿಸಲು ಕೇಂದ್ರ ಸರ್ಕಾರ 2023ರ ಮಾರ್ಚಿನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಎಂಬ ಮೊಬೈಲ್ ಆ್ಯಪನ್ನು ಬಿಡುಗಡೆ ಮಾಡಿದೆ. ಗುದ್ದಲಿ ಹಿಡಿದ ಪ್ರತಿಯೊಬ್ಬ ಗುತ್ತಿಗೆದಾರನೂ ಅದನ್ನು ಬಳಸಿದರೆ ಮಾತ್ರ ಅದಕ್ಕೆ ಅರ್ಥ.

ಎಂಜಿನಿಯರ್ ಆಗಬೇಕೆನ್ನುವ ಮಕ್ಕಳಿಗೆ ಸೇತುವೆ, ರಾಕೆಟ್, ಕಂಪ್ಯೂಟರುಗಳೇ ಕಣ್ಣಿಗೆ ಕಟ್ಟುತ್ತವೆ. ತಂದೆತಾಯಿಗೂ ಅಷ್ಟೆ. ಮಣ್ಣಿನಲ್ಲಿ ಮುಚ್ಚಿಹೋಗುವ ಕೆಲಸಕ್ಕೆ ಫೋಟೋ ಇಲ್ಲ, ಉದ್ಘಾಟನೆಯ ರಿಬ್ಬನ್ ಇಲ್ಲ. ಆದರೆ ಈ ದಿನ ಒಬ್ಬ ತರುಣ ಎಂಜಿನಿಯರು ಬಿಸಿಲಲ್ಲಿ ನಿಂತು, ಕೊಳವೆ ನಕ್ಷೆಯಲ್ಲಿ ಇದ್ದಂತೆ ಹೋಗದೆ ಬಂಡೆ ಅಡ್ಡ ಬಂದು ಎರಡಡಿ ಸರಿದದ್ದನ್ನು ಕಂಡು, ಅದನ್ನು ನಕ್ಷೆಯಲ್ಲಿ ತಿದ್ದಿ ತಾರೀಖು ಹಾಕಿದರೆ, ಐವತ್ತು ವರ್ಷ ಕಳೆದು ಅದೇ ಬೀದಿಯಲ್ಲಿ ಕೊಳವೆ ಬದಲಿಸಲು ಬರುವವನ ಜೀವ ಉಳಿಯಬಹುದು. ಇಬ್ಬರೂ ಒಬ್ಬರನ್ನೊಬ್ಬರು ಎಂದೂ ನೋಡುವುದಿಲ್ಲ. ಅವರ ನಡುವೆ ಇರುವುದು ಆ ಒಂದು ಕಾಗದ ಮಾತ್ರ.

ಮನೆಯವರು ನೆನಪಿಡಬೇಕಾದ್ದೂ ಕೊಂಚವಿದೆ. ಅನಿಲದ ವಾಸನೆ ಬಂದರೆ ದೀಪದ, ಫ್ಯಾನಿನ ಸ್ವಿಚ್ ಮುಟ್ಟಬೇಡಿ, ಹಾಕಲೂ ಬೇಡಿ, ಆರಿಸಲೂ ಬೇಡಿ. ಕಡ್ಡಿ ಗೀರಬೇಡಿ. ಕಿಟಕಿ ಬಾಗಿಲು ತೆರೆಯಿರಿ, ಕೈಗೆಟುಕಿದರೆ ಕವಾಟ ತಿರುಗಿಸಿ ಮುಚ್ಚಿರಿ, ಎಲ್ಲರೂ ಹೊರಗೆ ಬನ್ನಿ. ಹೊರಗೆ ಬಂದ ಮೇಲೆಯೇ ಫೋನ್ ಮಾಡಿ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ತಂಗುತ್ತದೆ. ಕೊಳವೆಯ ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಸೂರಿನ ಕಡೆಗೆ ಏರುತ್ತದೆ. ಮನೆಗೆ ಕೊಳವೆ ಅನಿಲ ಬರುತ್ತಿದ್ದರೆ ಅದರ ಮುಖ್ಯ ಕವಾಟ ಎಲ್ಲಿದೆ ಎಂದು ಇವತ್ತೇ ಮಕ್ಕಳನ್ನು ಕರೆದು ತೋರಿಸಿ. ಬಿಲ್ಲಿನಲ್ಲಿ ಅಚ್ಚಾಗಿರುವ ತುರ್ತು ದೂರವಾಣಿ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ.

ಲಾರೆನ್ಸಿನಲ್ಲಿ ಇಲ್ಲದೆ ಹೋದದ್ದು ಅಂಥದೇ ಒಂದು ಸಾಲು ಬರಹ: "ಹಳೆಯ ಕೊಳವೆ ಕಡಿಯುವ ಮೊದಲು ನಳಿಕೆಗಳನ್ನು ಹೊಸದಕ್ಕೆ ಜೋಡಿಸಿ."